ಹೆಸರು ತೋರಿಸಿ ಕರೆದವರು

ಕರ್ಮಗಳೆಲ್ಲ ಮುಗಿದ ಮೇಲೆ ನಾನು ಮತ್ತು ಕಚೇರಿಯ ಗೆಳತಿ ಶಾಹೀನ್ ಮಾನ್ವಿಯ ಆ ಮನೆಗೆ ಹೋದೆವು. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ತೀರಿಕೊಂಡವರ ಅಣ್ಣನ ಮಗ ನಮಗೆ ನೀರು ಕೊಟ್ಟು, ಎದುರಿಗೆ ಕೂತು, "ಅತ್ಯಾ ಭಾಳ ಶಾಂತ ಸ್ವಭಾವದಾಕಿ. ಜನ್ಮದಾಗ ಯಾರಿಗೂ ಎದುರು ಮಾತಾಡಿದಾಕಿ ಅಲ್ಲ" ಎಂದ. ಶಾಹೀನ್ ನನ್ನ ಮೊಣಕಾಲು ಚಿವುಟಿದಳು. ಸಾವಿನ ಮನೆಯಲ್ಲಿ ನಗಬಾರದೆಂದು ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಸತ್ತವರ ಬಗ್ಗೆ ಹಾಗೆ ಹೇಳುವುದು ರೂಢಿ. ಹುಡುಗನದೇನೂ ತಪ್ಪಿಲ್ಲ. ಆದರೆ ಆ ಮಾತನ್ನು ನಾನು ಒಪ್ಪಲಾರೆ. ಎದುರು ಮಾತಾಡುವುದೊಂದನ್ನೇ ಅವರಿಂದ ಕಲಿತವಳು ನಾನು. ಅದನ್ನೇ ಅವರ ಲೆಕ್ಕದಿಂದ ತೆಗೆದುಬಿಟ್ಟರೆ ಉಳಿಯುವುದೇನು? ಈ ಬರಹ ಆ ಮಾತಿನ ಮೇಲೆ ನನ್ನ ತಕರಾರು.

ಅವರನ್ನು ನಾವು ಬಾಯಾರು ಎನ್ನುತ್ತಿದ್ದೆವು. ನಮ್ಮ ಕಡೆ ಟೀಚರಿಗೆ, ನರ್ಸಿಗೆ, ಹಿರಿಯ ಹೆಣ್ಣುಮಕ್ಕಳಿಗೆ ಹಾಗೆ ಕರೆಯುವುದುಂಟು. ಹೆಸರು ಬರೆಯುತ್ತಿಲ್ಲ. ಇದಕ್ಕೂ ಅವರು ಜಗಳ ತೆಗೆಯುತ್ತಿದ್ದರೆಂದು ಗೊತ್ತು. ಆದರೆ ಇದರಲ್ಲಿ ಬರುವ ಕೆಲವರು ಇನ್ನೂ ನೌಕರಿಯಲ್ಲಿದ್ದಾರೆ. ಬಾಯಾರ ಹೆಸರು ಹೇಳಿದರೆ ಅವರ ಗುರುತೂ ಹತ್ತುತ್ತದೆ.

ಹರೆಯದಲ್ಲಿ ಬಾಯಾರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲ್ ಬುಕ್ ಮಾಡಿ ಜನ ಕಾಯುತ್ತಿದ್ದ ಕಾಲ. ಆಮೇಲೆ ಆ ಕೆಲಸವೇ ಇಲ್ಲದಂತಾಗಿ, ಇಲಾಖೆ ಬೇರೆ ಬೇರೆ ಮೇಜಿಗೆ ಕೂರಿಸಿ, ಕೊನೆಗೆ ಅವಧಿಗೆ ಮುಂಚೆಯೇ ನಿವೃತ್ತಿ ಕೊಟ್ಟು ಕಳಿಸಿತು. ಮನೆಯಲ್ಲಿ ಕೂರಲಾರದೆ ರಾಯಚೂರಿನ ನಮ್ಮ ಫೋನ್ ಸರ್ವೆ ಕಚೇರಿಗೆ ಬಂದರು. ದಿನಾ ಮಾನ್ವಿಯಿಂದ ಬಸ್ಸು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಎಂಥವರ ಜೊತೆಗೂ ವಾದಕ್ಕಿಳಿಯುತ್ತಿದ್ದರು. ಕಲ್ಮಲ ದಾಟುವ ಹೊತ್ತಿಗೆ ಆ ಎದುರಾಳಿಯ ಜೊತೆಗೇ ಶೇಂಗಾ ಹಂಚಿಕೊಂಡು ತಿನ್ನುತ್ತಿದ್ದರಂತೆ.

ಕಚೇರಿ ಎಂದರೆ ಬೀಜ-ಗೊಬ್ಬರದ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ. ಕೆಳಗಿನಿಂದ ಔಷಧದ ಘಾಟು ಮೇಲೆ ಬರುತ್ತಿತ್ತು. ಗೋಡೆಗೆ ಮುಖ ಮಾಡಿ ಕೂತು ನಾವು ಒಂದಷ್ಟು ಹುಡುಗಿಯರು ಫೋನ್ ಮಾಡುತ್ತಿದ್ದೆವು. ಯಾರೇ ಮಾಡಿದರೂ ಅತ್ತ ಕಾಣುವುದು ಕಚೇರಿಯ ಒಂದೇ ನಂಬರು. ದೇವದುರ್ಗ, ಮಾನ್ವಿ ಸೀಮೆಯಲ್ಲಿ ಸರ್ಕಾರಿ ದವಾಖಾನೆಗಳಲ್ಲಿ ಹೆರಿಗೆಗೆ ಹೋದ ಬಾಣಂತಿಯರಿಗೆ ಕರೆ ಮಾಡಿ ಕೇಳುವುದು: ಕರೆದಾಗ ಆ್ಯಂಬುಲೆನ್ಸ್ ಬಂತೇ, ಡಾಕ್ಟರು ಇದ್ದರೇ, ಯಾರಾದರೂ ರೊಕ್ಕ ಕೇಳಿದರೇ, ಮನೆಗೆ ಬಂದು ಕೂಸನ್ನು ನೋಡಿದರೇ. ಅವರು ಹೇಳಿದ್ದೆಲ್ಲ ಹೆರಿಗೆ ಸೌಲಭ್ಯದ ಯೋಜನೆ ನಡೆಸುವವರ ಕೈ ಸೇರುತ್ತಿತ್ತು. ಯಾವ ಊರಿಗೆ ಗಾಡಿ ಬೇಕು, ಯಾವ ದವಾಖಾನೆಗೆ ನರ್ಸ್ ಬೇಕು ಎಂಬುದು ಆ ಉತ್ತರಗಳ ಮೇಲೆ ನಿಂತಿತ್ತು.

ನಾನು ದೇವದುರ್ಗದ ಕಡೆಯ ಒಕ್ಕಲುತನದ ಮನೆಯವಳು. ಮೊದಲ ದಿನ ಕುರ್ಚಿಯಲ್ಲಿ ಕುಸಿದು ಕೂತು ಯಾರಿಗೋ ಫೋನ್ ಹಚ್ಚಿದ್ದೆ. ಬಾಯಾರು ಬಂದು ನನ್ನ ಭುಜ ಹಿಡಿದು ನೆಟ್ಟಗೆ ಕೂರಿಸಿದರು. ತಾವು ಮಾತ್ರ ಫೋನ್ ಮಾಡುವಾಗ ಎದ್ದು ನಿಲ್ಲುತ್ತಿದ್ದರು. ನಿಂತು, ಸೆರಗು ಸರಿಮಾಡಿಕೊಂಡು, ಆಮೇಲೆ ನಂಬರ್ ಒತ್ತುತ್ತಿದ್ದರು.

"ಬಾಯಾರ, ಅವ್ರಿಗೆ ನೀವು ಕಾಣಂಗಿಲ್ಲ. ಸೆರಗು ಯಾಕ ಸರಿಮಾಡ್ತೀರಿ?" ಎಂದು ಶಾಹೀನ್ ಒಮ್ಮೆ ಕೇಳಿದಳು.

"ಒಬ್ಬರ ಮನಿಗೆ ಹೊಂಟೀನಿ, ಹೆಂಗರೆ ಹೋಗ್ಲಿಕ್ಕೆ ಬರ್ತದೇನ?" ಎಂದರು.

ಆದರೆ ಮನೆಯವರು ಬಾಗಿಲು ತೆಗೆಯುತ್ತಿರಲಿಲ್ಲ. ಅದೇ ನಮ್ಮ ಸಂಕಟ. ಬೆಳಗಿನಿಂದ ಸಂಜೆಯವರೆಗೆ ಫೋನ್ ಹಚ್ಚಿದರೂ ಎತ್ತುವವರು ಕಡಿಮೆ. ಓಟಿಪಿ ಕೇಳಿ ಖಾತೆ ಖಾಲಿ ಮಾಡುವವರ ಸುದ್ದಿ ಆಗಲೇ ಹಳ್ಳಿಹಳ್ಳಿಗೂ ಮುಟ್ಟಿತ್ತು. ಗುರುತಿಲ್ಲದ ನಂಬರ್ ಎಂದರೆ ಜನ ಹಾವು ಕಂಡಂತೆ ಹಿಂದೆ ಸರಿಯುತ್ತಿದ್ದರು. ಕವಿತಾಳದ ಒಬ್ಬ ಗಂಡಸು ಫೋನ್ ಎತ್ತಿದವನೇ ನಮ್ಮ ಮೂರು ತಲೆಮಾರನ್ನು ಬೈದ. ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಬಾಯಾರು ನಡುವೆ ಬಾಯಿ ಹಾಕಿ, "ಬೈದಿದ್ದು ಛಲೋ ಆತು ಬಿಡ್ರೆಪ್ಪಾ, ಹುಷಾರದೀರಿ. ಹಂಗ ಇರ್ರಿ" ಎಂದು ಫೋನ್ ಇಟ್ಟರು. ಬೈಗುಳ ಕೇಳಿ ಕಣ್ಣು ಒದ್ದೆ ಮಾಡಿಕೊಂಡಿದ್ದ ನನ್ನತ್ತ ತಿರುಗಿ, "ಅಳ್ಲಿಕ್ಕೆ ಏನಾಗೇದ? ನೀ ಯಾರಂತ ಅಂವಗೇನು ಗೊತ್ತು?" ಎಂದರು.

ಆ ಪ್ರಶ್ನೆ ಅವರನ್ನೇ ಹಿಡಿದುಕೊಂಡಿತು. ಮರುದಿನ ತಮ್ಮ ಸ್ವಂತ ಫೋನಿಗೆ ಕಚೇರಿಯಿಂದ ಕರೆ ಮಾಡಿಸಿ ನೋಡಿದರು. ಕರೆ ಮಾಡಿದವರು ಯಾರೆಂದು ತೋರಿಸುವ ಆ್ಯಪ್ ಈಗ ಎಲ್ಲರ ಫೋನಿನಲ್ಲೂ ಇರುತ್ತದಲ್ಲ, ಅದರಲ್ಲಿ ನಮ್ಮ ನಂಬರು ಕೆಂಪಗೆ ಹೊಳೆಯಿತು. ಕೆಳಗೆ "ವಂಚನೆ ಇರಬಹುದು" ಎಂದು ಬಂತು. ಬೇಸತ್ತ ಜನ ಹಾಗೆ ಗುರುತು ಹಾಕಿದ್ದರು. ನಾವು ಇಷ್ಟು ದಿನ ಹಣೆಗೆ ಕಳ್ಳರ ಪಟ್ಟಿ ಕಟ್ಟಿಕೊಂಡು ಬಾಣಂತಿಯರ ಬಾಗಿಲು ಬಡಿಯುತ್ತಿದ್ದೆವು.

ಬಾಯಾರು ಮ್ಯಾನೇಜರಿಗೆ ಹೇಳಿದರು. ನಮ್ಮ ನಿಜವಾದ ಹೆಸರು ಕಾಣುವಂತೆ ಆ ಆ್ಯಪ್‌ನಲ್ಲಿ ನೋಂದಾಯಿಸಿ ಎಂದರು. ಮ್ಯಾನೇಜರ್ ಹೈದರಾಬಾದಿನ ಕಡೆಯ, ಚುರುಕಿನ ಮನುಷ್ಯ. "ಒಳ್ಳೆ ಐಡಿಯಾ ಅಮ್ಮಾ, ಮಾಡಿಸ್ತೀನಿ" ಎಂದ. ಅದೇ ವಾರ ಬಾಯಾರು ತಂದೆಯ ಶ್ರಾದ್ಧಕ್ಕೆಂದು ರಜೆ ಹಾಕಿ ಮಾನ್ವಿಯಲ್ಲಿ ಉಳಿದರು.

ಅವರು ತಿರುಗಿ ಬರುವಷ್ಟರಲ್ಲಿ ಕಚೇರಿಯ ಕಳೆಯೇ ಬದಲಾಗಿತ್ತು. ಫೋನ್ ಹಚ್ಚಿದರೆ ಸಾಕು, ಎತ್ತುತ್ತಿದ್ದರು. ಮೂರನೆಯ ರಿಂಗಿಗೆ ಕಾಯುವಂತಿಲ್ಲ. ಎಲ್ಲ ಪ್ರಶ್ನೆಗೂ ಉತ್ತರ, ಎಲ್ಲ ಉತ್ತರವೂ ಛಲೋ. ಮ್ಯಾನೇಜರ್ ನಮಗೆಲ್ಲ ಮಿರ್ಚಿ ಭಜಿ ತರಿಸಿದ್ದ. ಬಾಯಾರು ಚೀಲ ಇಳಿಸಿ, ನನ್ನ ಪಕ್ಕ ಕೂತು, ಇನ್ನೊಂದು ಹೆಡ್‌ಫೋನ್ ಕಿವಿಗಿಟ್ಟುಕೊಂಡರು. ಅತ್ತ ಕಡೆ ದೇವದುರ್ಗದಾಚೆಯ ಹಳ್ಳಿಯ ಹುಲಿಗೆಮ್ಮ ಎಂಬ ಬಾಣಂತಿ.

"ಆ್ಯಂಬುಲೆನ್ಸ್ ಬಂದಿತ್ತೇನ್ರಿ?"

"ಬಂದಿತ್ರಿ."

"ಯಾರರ ರೊಕ್ಕ ಕೇಳಿದ್ರೇನ್ರಿ?"

"ಇಲ್ರಿ ಇಲ್ರಿ. ಎಲ್ಲಾ ಛಲೋ ಆಗ್ಯಾದ್ರಿ. ಸಾಹೇಬ್ರಿಗೆ ಹೇಳ್ರಿ, ಎಲ್ಲಾ ಛಲೋ ಅದಂತ." ಆಮೇಲೆ ದನಿ ತಗ್ಗಿಸಿ ಆಕೆ ಕೇಳಿದಳು, "ಯಕ್ಕಾ, ಕಾರ್ಡಿನಾಗಿಂದ ನಮ್ಮ ಹೆಸರು ತೆಗಿಯಂಗಿಲ್ಲ ಅಲ್ರಿ?"

ಬಾಯಾರು ನನ್ನ ಮುಖ ನೋಡಿದರು. "ಯಾವ ಕಾರ್ಡು?" ಎಂದು ಬಾಯಿ ಸನ್ನೆಯಲ್ಲೇ ಕೇಳಿದರು. ನಾನು ನನ್ನ ಫೋನ್ ತೆಗೆದು ತೋರಿಸಿದೆ. ಈಗ ನಮ್ಮ ಕರೆ ಹೋದ ಕಡೆಯೆಲ್ಲ ತೆರೆಯ ಮೇಲೆ "ರೇಷನ್ ಕಾರ್ಡ್ ವಿಚಾರಣೆ" ಎಂದು ಹೆಸರು ಬರುತ್ತಿತ್ತು. ಮ್ಯಾನೇಜರ್ ಹಾಗೆ ನೋಂದಾಯಿಸಿದ್ದ.

ಬಾಯಾರು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಎದ್ದು ನಿಂತರು.

"ತಂಗಿ, ನಾವು ರೇಷನ್ ಆಫೀಸಿನವರಲ್ಲ. ಬಾಣಂತ್ಯಾರನ್ನ ವಿಚಾರಿಸಿ ಬರಕೊಳ್ಳೋರು, ರಾಯಚೂರಾಗ ಇರ್ತೀವಿ. ನಿನ್ನ ಕಾರ್ಡಿಗೂ ನಮಗೂ ಏನೂ ಸಂಬಂಧಿಲ್ಲ. ಈ ಫೋನ್ ಈಗ ಇಟ್ಟರೂ ನಿನಗೇನೂ ಆಗಂಗಿಲ್ಲ."

ಅತ್ತ ಕೂಸು ಅಳುವುದು ಕೇಳಿಸುತ್ತಿತ್ತು.

"ಹಂಗಾದ್ರ," ಎಂದಳು ಹುಲಿಗೆಮ್ಮ, "ಆ್ಯಂಬುಲೆನ್ಸ್ ಬಂದಿಲ್ರಿ. ಫೋನ್ ಮಾಡಿ ಮಾಡಿ ಸಾಕಾಗಿ ಟಂಟಂ ಆಟೋದಾಗ ಹೊಂಟಿವಿ. ದಾರ್ಯಾಗ ಹಡದೆ. ನಮ್ಮತ್ತಿ ಸೀರಿ ಅಡ್ಡ ಹಿಡಿದಿದ್ಳು." ಇಷ್ಟು ಹೇಳಿ ಆಕೆಯ ದನಿ ಏರಿತು. "ನೀವು ರೇಷನ್‌ನೋರು ಅಂತ ಯಾಕ ಹಾಕ್ಕೊಂಡ್ರಿ? ನನ್ನ ಎದಿ ಹೊಡಕೊಳ್ಳಾಕತ್ತಿತ್ತು."

"ಹಾಕ್ಕೊಂಡಿದ್ದು ತಪ್ಪು. ನಿನ್ನ ಕ್ಷಮಾ ಕೇಳ್ತೀನಿ" ಎಂದರು ಬಾಯಾರು.

ಫೋನ್ ಇಟ್ಟು ಸೀದಾ ಮ್ಯಾನೇಜರ್ ಮೇಜಿಗೆ ಹೋದರು. ಅಲ್ಲಿ ನಡೆದದ್ದನ್ನು ನಾವೆಲ್ಲ ಕೆಲಸ ಬಿಟ್ಟು ಕೇಳಿದೆವು. ಕೇಳದಿರಲು ಸಾಧ್ಯವೇ ಇರಲಿಲ್ಲ.

"ಈ ಹೆಸರು ತೆಗೀರಿ."

"ಯಾಕಮ್ಮಾ? ಜನ ಎತ್ತುತ್ತಾ ಇದ್ದಾರಲ್ಲ. ನಿಮಗೆ ಬೇಕಾಗಿದ್ದು ಅದೇ ತಾನೇ?"

"ಎತ್ತೋದಷ್ಟ ಬೇಕಾಗಿದ್ರ ಪೊಲೀಸ್ ಅಂತ ಹಾಕ್ರಿ, ಇನ್ನೂ ಲಗೂನ ಎತ್ತತಾರ. ಟಂಟಂನಾಗ ಹಡದಾಕಿ ಆ್ಯಂಬುಲೆನ್ಸ್ ಬಂದಿತ್ತು ಅಂತ ಹೇಳ್ಲಿಕ್ಕತ್ತಾಳ. ಅದನ್ನ ನೀವು ಬರಕೊಂಡು ಕಳಿಸಿದ್ರ ಆ ಊರಿಗೆ ಗಾಡಿ ಯಾವಾಗ ಬರಬೇಕು?"

"ಒಬ್ಬಳು ಹೇಳಿದ್ದಕ್ಕೆ ಎಲ್ಲಾ ಕೆಡಿಸ್ತೀರಾ? ಹೆಡ್ ಆಫೀಸಿನವರು ಖುಷಿಯಾಗಿದ್ದಾರೆ."

"ಅವರ ಖುಷಿ ಅವರ ಹತ್ರ ಇರ್ಲಿ."

ಮ್ಯಾನೇಜರಿಗೆ ನೆನಪಿರದ ಒಂದು ಸಂಗತಿ ಇತ್ತು. ಕಚೇರಿ ಶುರುವಾದಾಗ ನಮ್ಮ ನಂಬರಿನ ಸಿಮ್ ತೆಗೆದುಕೊಂಡದ್ದು ಬಾಯಾರ ಆಧಾರ್ ಕಾರ್ಡಿನ ಮೇಲೆ. ನಂಬರು ಕಾಗದದಲ್ಲಿ ಅವರದೇ. ಬಾಯಾರು ತಮ್ಮ ಕುರ್ಚಿಗೆ ಬಂದು, ಶಾಹೀನಳನ್ನು ಪಕ್ಕ ಕೂರಿಸಿಕೊಂಡು, ಆ್ಯಪ್‌ನಲ್ಲಿ ಹೆಸರು ಬದಲಿಸಿದರು: "ಬಾಣಂತಿಯರ ಸರ್ವೆ, ರಾಯಚೂರು". ಆಮೇಲೆ, ಸುಳ್ಳು ಹೆಸರಿನಲ್ಲಿ ಯಾರ್ಯಾರಿಗೆ ಕರೆ ಹೋಗಿತ್ತೋ ಅವರಿಗೆಲ್ಲ ತಾವೇ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು. ನಾವು ಇಂಥವರು, ಮೊದಲು ಬಂದ ಹೆಸರು ಸುಳ್ಳು, ನೀವು ಹೇಳಿದ್ದನ್ನು ಅಳಿಸುತ್ತಿದ್ದೇವೆ, ಮತ್ತೆ ಹೇಳುವ ಮನಸ್ಸಿದ್ದರೆ ಹೇಳಿ, ಇಲ್ಲದಿದ್ದರೆ ಬೇಡ ಎನ್ನುತ್ತಿದ್ದರು. ಕೆಲವರು ಬೈದರು. ಕೆಲವರು ಹುಲಿಗೆಮ್ಮನಂತೆ ಬೇರೆಯದೇ ಕಥೆ ಹೇಳಿದರು. "ನೀವು ಕೆಲಸ ಕಳ್ಕೋತೀರಿ" ಎಂದು ಮ್ಯಾನೇಜರ್ ಬಾಗಿಲಲ್ಲಿ ನಿಂತು ಎಚ್ಚರಿಸಿದ. ಬಾಯಾರು ಫೋನಿನ ಮೇಲೆ ಅಂಗೈ ಮುಚ್ಚಿ, "ಮಾತಾಡ್ಲಿಕ್ಕತ್ತೀನಿ, ಸ್ವಲ್ಪ ಸುಮ್ಮನಿರ್ರಿ" ಎಂದರು.

ನಿಜವಾದ ಹೆಸರು ಬಂದ ಮೇಲೆ ಫೋನ್ ಎತ್ತುವವರು ಧಡಾರನೆ ಕಡಿಮೆಯಾದರು. ಹೆಸರಿನ ಪರಿಚಯವೇ ಇಲ್ಲದಿದ್ದರೆ ನಿಜವಾದರೇನು, ಸುಳ್ಳಾದರೇನು. ಇನ್ನು ಬಟನ್ ಫೋನಿನವರಿಗೆ ಹೆಸರೇ ಮೂಡುವುದಿಲ್ಲ. ಅದಕ್ಕೆ ಬಾಯಾರು ಕಂಡುಕೊಂಡ ದಾರಿ ದೇವದುರ್ಗದ ಬಸ್ಸು. ಕೂಸುಗಳಿಗೆ ಸೂಜಿ ಹಾಕುವ ದಿನ ನೋಡಿ ಅಲ್ಲಿನ ದವಾಖಾನೆಯ ಅಂಗಳಕ್ಕೆ ಹೋದರು. ಬೇವಿನ ಗಿಡದ ಕಟ್ಟೆಯ ಮೇಲೆ ತಾಯಂದಿರ ನಡುವೆ ಕೂತು, "ಇದು ನಮ್ಮ ನಂಬರು. ಇದರಿಂದ ಫೋನ್ ಬಂದ್ರ ನಾವು. ಬ್ಯಾಂಕಿಂದು ಕೇಳಂಗಿಲ್ಲ, ಕಾರ್ಡಿಂದು ಕೇಳಂಗಿಲ್ಲ. ಕೇಳಿದ್ರ ಚಪ್ಪಲಿ ತಗೋರಿ" ಎಂದು ಒಬ್ಬೊಬ್ಬರ ಫೋನಿನಲ್ಲೂ ನಂಬರು ಉಳಿಸಿಕೊಟ್ಟರಂತೆ. ಯಾವ ಹೆಸರಿನಲ್ಲಿ ಉಳಿಸೋದು ಎಂದು ತಾಯಂದಿರು ಕೇಳಿದರೆ, "ನಿನಗ ನೆನಪಿರೋದು ಏನರೆ ಹಾಕು" ಎನ್ನುವುದು. ಒಬ್ಬಾಕೆ "ಕೇಳೋ ಬಾಯಿ" ಎಂದು ಹಾಕಿಸಿಕೊಂಡಳು.

ಆ ದಿನ ರಾಯಚೂರಿನಲ್ಲಿ ಕಚೇರಿಯ ಫೋನ್ ಹೊಡೆದುಕೊಂಡಿತು. ನಾನೇ ಎತ್ತಿದೆ. ಗಂಡಸಿನ ದನಿ, ಸಿಡುಕು.

"ಯಾರ ಮಾತಾಡಾಕತ್ತೀರಿ?"

ಹೇಳಿದೆ.

"ಇಲ್ಲಿ ದೇವದುರ್ಗ ದವಾಖಾನ್ಯಾಗ ಒಬ್ಬಾಕಿ ಬಾಯಿ ಬಂದು ಈ ನಂಬರು ನಂದು ಅನ್ನಾಕತ್ತಾಳ. ನಿಮ್ಮಂಥೋರ ಮಾತು ನಂಬಿ ನಮ್ಮ ತಮ್ಮ ಇದ್ದ ರೊಕ್ಕ ಎಲ್ಲಾ ಕಳಕೊಂಡಾನ. ನಿಮ್ಮ ಬಾಯಿ ಹೆಂಗದಾಳ ಹೇಳು ನೋಡೂಣು."

"ಕುಳ್ಳಗ ಅದಾರ್ರಿ. ದಪ್ಪ ಕನ್ನಡಕ. ಕೈಯಾಗ ನೀಲಿ ಚೀಲ. ಸಿಟ್ಟು ಬಂದ್ರ ಎದ್ದು ನಿಂದರತಾರ."

ಫೋನ್ ಹಿಡಿದೇ ಅವರತ್ತ ತಿರುಗಿ ನೋಡಿರಬೇಕು. ಆಮೇಲೆ ಆತ, "ಹೌದು, ಎದ್ದು ನಿಂತಾಳ" ಎಂದ. ಹಿಂದಿನಿಂದ ಹೆಂಗಸರೆಲ್ಲ ಗೊಳ್ಳನೆ ನಕ್ಕದ್ದು ಕೇಳಿಸಿತು. ತನ್ನ ಹೆಂಡತಿಯ ಫೋನಿನಲ್ಲಿ ಆತನೇ ನಂಬರು ಉಳಿಸಿದನೆಂದು ಬಾಯಾರು ಸಂಜೆ ಹೇಳಿದರು. ಮುಂದಿನ ಸಲ ಶಾಹೀನಳನ್ನೂ ಕರೆದುಕೊಂಡು ಮಾನ್ವಿಗೆ, ಕವಿತಾಳಕ್ಕೆ ಹೋದರು. ಫೋನ್ ಎತ್ತುವವರು ನಿಧಾನವಾಗಿ ಹೆಚ್ಚಿದರು. ನಾವು ಮಾಡದಿದ್ದರೂ ಅವರೇ ತಿರುಗಿ ಮಾಡುವುದು ಶುರುವಾಯಿತು. "ಆವತ್ತು ನೀರಿಗೆ ಹೋಗಿದ್ದೆ, ನಿಮ್ಮ ಫೋನ್ ಬಂದಿತ್ತಂತ" ಎಂದು ಅತ್ತಲಿಂದ ದನಿ ಬಂದರೆ ಬಾಯಾರು ಕೋಣೆಯೆಲ್ಲ ಕೇಳುವಂತೆ, "ಹೇಳವ್ವಾ!" ಎನ್ನುತ್ತಿದ್ದರು.

ಅವರು ಎಲ್ಲರಿಗೂ ಮೆಚ್ಚಿಗೆಯಾಗುವ ಮನುಷ್ಯರಲ್ಲ. ಪ್ರಶ್ನೆಯನ್ನು ನುಂಗಿ ಓದಿದರೆ ನಮ್ಮನ್ನು ಎಲ್ಲರೆದುರು ಬೈಯುತ್ತಿದ್ದರು. ಚಹಾ ಕುಡಿಯುತ್ತ ಕರೆ ಮಾಡಿದ್ದಕ್ಕೆ ಬೈಸಿಕೊಂಡ ಹುಡುಗಿಯೊಬ್ಬಳು ಆ ದಿನವೇ ಕೆಲಸ ಬಿಟ್ಟು ಹೋದಳು. ಬಾಯಾರು ಆಮೇಲೆ ಪೇಚಾಡಿದರು. ಆದರೂ ಅವಳ ಮನೆಗೆ ಹೋಗಿ ಕರೆತರಲಿಲ್ಲ. "ನನ್ನ ಬಾಯಿ ಕೆಟ್ಟದ್ದು" ಎಂದರು, ಅಷ್ಟೇ.

ನಮಗೆ ಕೆಲಸ ವಹಿಸಿದ್ದ ಯೋಜನೆಯವರ ಕಡೆಯಿಂದ ಒಬ್ಬ ಅಧಿಕಾರಿ ಮೇಡಂ ನೋಡಲು ಬಂದರು. ಮೊದಲು ಅಷ್ಟು ಉತ್ತರ ಬರುತ್ತಿದ್ದದ್ದು ಈಗ ಯಾಕೆ ಇಳಿಯಿತು ಎಂಬುದು ಅವರ ಪ್ರಶ್ನೆ. ಮ್ಯಾನೇಜರ್ ಬಾಯಾರತ್ತ ಕೈ ತೋರಿಸಿ, "ಇವರು ಹೆಸರು ಬದಲಾಯಿಸಿದರು ಮೇಡಂ" ಎಂದ.

ಬಾಯಾರು ಸಮಜಾಯಿಷಿ ಕೊಡಲಿಲ್ಲ. ಅವರ ಎದುರಿಗೇ ಸ್ಪೀಕರ್ ಹಾಕಿ ಮಾನ್ವಿ ತಾಲೂಕಿನ ಒಬ್ಬ ಬಾಣಂತಿಗೆ ಫೋನ್ ಹಚ್ಚಿದರು. ಆಕೆ ಎತ್ತಿದಳು.

"ಬಾಯಾರ, ಹತ್ತಿ ಬಿಡಸಾಕ ಹೊಂಟೀನಿ, ಈಗ ಆಗಂಗಿಲ್ಲ. ಸಂಜಿಗೆ ಮಾಡ್ರಿ. ಆ ದವಾಖಾನಿ ಆಯಾ ರೊಕ್ಕ ಕೇಳಿದ್ದು ಹೇಳಬೇಕು ನಿಮಗ." ಇಷ್ಟೇ ಹೇಳಿ ಇಟ್ಟುಬಿಟ್ಟಳು.

"ನೋಡಿದ್ರಾ ಮೇಡಂ, ಕಟ್ ಮಾಡಿದಳು" ಎಂದ ಮ್ಯಾನೇಜರ್.

"ಹೌದ್ರಿ, ಕಟ್ ಮಾಡಿದಳು. ರೇಷನ್ ಕಾರ್ಡ್ ಅಂತ ಹೆಸರು ಬಂದಿದ್ರ ಹತ್ತಿ ಹೊಲದಾಗ ಬಿಟ್ಟು ನಿಂತ ಉತ್ತರ ಕೊಡ್ತಿದ್ದಳು. ಎಲ್ಲಾ ಛಲೋ ಅದ ಅಂತ ಹೇಳ್ತಿದ್ದಳು. ಈಗ ಆಯಾನ ಸುದ್ದಿ ತಾನ ಹೇಳ್ತೀನಿ ಅಂತಾಳ. ನಿಮಗ ಯಾವುದು ಬೇಕ್ರಿ ಮೇಡಂ?"

ಮೇಡಂ ಒಂದೆರಡು ಪ್ರಶ್ನೆ ಕೇಳಿದರು. ಬಾಯಾರು ಹೆಸರಿನ ಕಥೆಯನ್ನು ಮೊದಲಿನಿಂದ ಹೇಳಿದರು, ಮ್ಯಾನೇಜರ್ ಅಲ್ಲೇ ನಿಂತಿದ್ದಾನೆಂದು ಒಂದು ಮಾತನ್ನೂ ಮೆದು ಮಾಡಲಿಲ್ಲ. ಮೇಡಂ ಹೋಗುವಾಗ, ತಮಗೆ ಆಗಲೇ ಕಳಿಸಿದ್ದ ಆ ಸುಳ್ಳು ಹೆಸರಿನ ಉತ್ತರಗಳನ್ನೂ ತೆಗೆದುಹಾಕಬೇಕು, ಇನ್ನು ಮುಂದೆ ನಿಜವಾದ ಹೆಸರು ಕಾಣದೆ ಒಂದು ಕರೆಯೂ ಹೋಗಬಾರದು ಎಂದು ಹೇಳಿ ಹೋದರು. ಹುಲಿಗೆಮ್ಮನ ಊರಿನ ಕಡೆಗೆ ಒಂದು ಆ್ಯಂಬುಲೆನ್ಸ್ ಹತ್ತಿರದಲ್ಲೇ ನಿಲ್ಲುವಂತಾದದ್ದು ಆಮೇಲಿನ ಮಾತು. ಅದಕ್ಕೆ ನಮ್ಮ ಉತ್ತರಗಳೇ ಕಾರಣವೋ, ಬೇರೆಯವರ ಓಡಾಟವೋ ನನಗೆ ಗೊತ್ತಿಲ್ಲ. ಬಾಯಾರು ಅದನ್ನು ತಮ್ಮದೆಂದು ಎಂದೂ ಹೇಳಿಕೊಳ್ಳಲಿಲ್ಲ.

ಮ್ಯಾನೇಜರ್ ಮಾತ್ರ ಬಿಡಲಿಲ್ಲ. ಕೆಲವು ದಿನ ಕಳೆದ ಮೇಲೆ, ಮಧ್ಯಾಹ್ನ ಊಟ ಮುಗಿಸಿ ನಾವು ಡಬ್ಬಿ ತೊಳೆದು ಬರುವ ಹೊತ್ತಿಗೆ, ಬಾಯಾರ ಮುಂದೆ ಒಂದು ಹಾಳೆ ಇಟ್ಟ. ಅನಾರೋಗ್ಯದ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿ ಟೈಪ್ ಮಾಡಿತ್ತು. ಸಹಿ ಮಾಡುವ ಜಾಗ ಖಾಲಿ ಇತ್ತು.

ಬಾಯಾರು ಕನ್ನಡಕ ಏರಿಸಿ ಓದಿದರು.

"ಯಾರಿಗೆ ಆರಾಮಿಲ್ರಿ?"

"ಹೆಡ್ ಆಫೀಸಿನ ಮಾತಮ್ಮಾ. ಗೌರವವಾಗಿ ಹೋಗಲಿ ಅಂತ ಹೀಗೆ ಬರೆಸಿದ್ದು. ನಿಮಗೇ ಒಳ್ಳೇದು."

"ನನ್ನ ಆರೋಗ್ಯ ಕಲ್ಲಿನಂಗ ಅದ. ಎದುರು ಮಾತಾಡಿದ್ಲು, ಅದಕ್ಕ ತೆಗೆದುಹಾಕೀವಿ ಅಂತ ಬರೀರಿ. ಕೆಳಗ ನಿಮ್ಮ ಸಹಿ ಹಾಕ್ರಿ. ಈ ಕ್ಷಣಕ್ಕ ಚೀಲ ತಗೊಂಡು ಹೋಗ್ತೀನಿ."

"ಹಾಗೆಲ್ಲ ಬರೆಯೋಕೆ ಬರಲ್ಲಮ್ಮಾ."

"ಬರಂಗಿಲ್ಲಂದ್ರ ನಾನೂ ಹೋಗಂಗಿಲ್ಲ."

ಶಾಹೀನ್ ಡಬ್ಬಿ ಹಿಡಿದುಕೊಂಡೇ ಬಾಯಾರ ಕುರ್ಚಿಯ ಹಿಂದೆ ಬಂದು ನಿಂತಳು. ನಾನೂ ಹೋದೆ. ಒಬ್ಬೊಬ್ಬರೇ ಉಳಿದವರೂ ಎದ್ದು ಬಂದರು. ಮ್ಯಾನೇಜರ್ ನಮ್ಮನ್ನೆಲ್ಲ ಒಮ್ಮೆ ನೋಡಿ, ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅದನ್ನು ಅವನು ಎಂದೂ ಬೇರೆ ರೀತಿ ಬರೆದು ತರಲಿಲ್ಲ. ಅವನಿಗೇ ಬೇರೆ ಊರಿಗೆ ವರ್ಗವಾಗುವವರೆಗೆ ಬಾಯಾರು ದಿನಾ ಬೆಳಗ್ಗೆ ಮೆಟ್ಟಿಲು ಹತ್ತಿ ಬಂದು ಅವನಿಗೆ ನಮಸ್ಕಾರ ಹೇಳುತ್ತಿದ್ದರು. ಆಮೇಲೆಯೂ ಬಂದರು. ಮೊನ್ನೆ ಬೇಸಿಗೆಯಲ್ಲಿ ಕಾಯಿಲೆ ನಿಜವಾಗಿಯೇ ಹಿಡಿದು ಏಳದಂತೆ ಮಾಡುವವರೆಗೂ ಬರುತ್ತಿದ್ದರು.

ಆದರೆ ಆ ಮಧ್ಯಾಹ್ನ ನಾವಿನ್ನೂ ಅವರ ಹಿಂದೆ ಗುಂಪುಗಟ್ಟಿ ನಿಂತಿದ್ದೆವು. ಬಾಯಾರು ತಿರುಗಿ ನೋಡಿ, "ಏನ್ ಸಂತಿ ನೆರದೀರಿ? ಹೋಗ್ರಿ, ಫೋನ್ ಹಚ್ಚರಿ" ಎಂದು ಗದರಿದರು. ಒಂದು ಗುಟುಕು ನೀರು ಕುಡಿದು, ಎದ್ದು ನಿಂತು, ಸ್ಪೀಕರ್ ಹಾಕಿ ನಂಬರ್ ಒತ್ತಿದರು. ಎರಡು ಸಲ ರಿಂಗಾಯಿತು. ಅವರು ಬಾಯಿ ತೆರೆಯುವ ಮೊದಲೇ ಅತ್ತ ಕಡೆಯ ಹೆಂಗಸು ಎತ್ತಿದಳು.

"ಹೇಳ್ರಿ ಬಾಯಾರ, ನಿಮ್ಮ ಹೆಸರು ಬಂದದ."